ಅಮೆರಿಕಾದ ಕ್ರಿಶ್ಚಿಯನ್ ಕಾಲೇಜಲ್ಲಿ ಮೆಂಟಲ್ ಹೆಲ್ತ್ ಕೌನ್ಸೆಲಿಂಗ್ ಮಾಸ್ಟರ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಲಿಕೇಷನ್ ಸೀಸನ್ ಬಂತು ಅಂದ್ರೆ ಸಾಕು, ಊರಿನ ಸಭೆಗಳ (ಚರ್ಚ್‌ಗಳ) ಹುಡುಗ್ರು ಹುಡುಗೀರು, ಅವರ ಅಪ್ಪ ಅಮ್ಮ, ಆಗಾಗ ಪಾಸ್ಟರ್‌ಗಳೂ ವಾಟ್ಸ್ಯಾಪ್ ಮಾಡ್ತಾರೆ, "ಸ್ತೋತ್ರ ಅಕ್ಕಾ, ಒಂದು ಡೌಟು" ಅಂತ. ನಾನು ಟೆಕ್ಸಾಸ್‌ನಲ್ಲಿ ಇದೇ ಕೋರ್ಸ್ ಮಾಡಿ ಇಲ್ಲೇ ಕೆಲಸ ಮಾಡ್ತಿರೋಳು. ಒಬ್ಬೊಬ್ಬರಿಗೂ ಅದನ್ನೇ ಟೈಪ್ ಮಾಡೋ ಬದಲು ಇಲ್ಲಿ ಬರೆದಿಟ್ಟಿದೀನಿ. ಟೆಕ್ಸಾಸ್ ಲೆಕ್ಕನೇ ಜಾಸ್ತಿ ಬರುತ್ತೆ, ಬೇರೆ ಸ್ಟೇಟ್‌ಗೆ ಹೋಗೋರು ಅಲ್ಲಿನ ಲೈಸೆನ್ಸ್ ಬೋರ್ಡಿನ ವೆಬ್‌ಸೈಟ್ ನೋಡ್ಕೊಳ್ಳಿ.

ಇದು ಬೈಬಲ್ ಕಾಲೇಜ್ ಕೋರ್ಸಾ, ಸೈಕಾಲಜಿ ಡಿಗ್ರಿನಾ?

ಎರಡೂ ಅಲ್ಲ. ಕೋರ್ಸಿನ ಹೆಸರು ಕ್ಲಿನಿಕಲ್ ಮೆಂಟಲ್ ಹೆಲ್ತ್ ಕೌನ್ಸೆಲಿಂಗ್, ಎಂಎ ಅಥವಾ ಎಂಎಸ್, 60 ಕ್ರೆಡಿಟ್, ಫುಲ್ ಟೈಮ್ ಓದಿದ್ರೆ ಎರಡೂವರೆ ಮೂರು ವರ್ಷ. ಸರ್ಕಾರಿ ಯೂನಿವರ್ಸಿಟಿಲಿ ಓದಿದ್ರೂ ಸೆಮಿನರಿಲಿ (ಪಾದ್ರಿಗಳಿಗೆ ತರಬೇತಿ ಕೊಡೋ ಕಾಲೇಜು) ಓದಿದ್ರೂ ಸ್ಟೇಟ್ ಕೊಡೋ ಲೈಸೆನ್ಸ್ ಒಂದೇ. ಟೆಕ್ಸಾಸ್‌ನಲ್ಲಿ ಅದಕ್ಕೆ ಎಲ್‌ಪಿಸಿ (ಲೈಸೆನ್ಸ್ಡ್ ಪ್ರೊಫೆಷನಲ್ ಕೌನ್ಸೆಲರ್) ಅಂತಾರೆ, ಕ್ಯಾಲಿಫೋರ್ನಿಯಾದಲ್ಲಿ ಎಲ್‌ಪಿಸಿಸಿ, ಇನ್ನು ಕೆಲವು ಕಡೆ ಎಲ್‌ಎಂಎಚ್‌ಸಿ. 1976ರಲ್ಲಿ ವರ್ಜೀನಿಯಾ ಮೊದಲು ಶುರು ಮಾಡಿದ್ದು, ಕ್ಯಾಲಿಫೋರ್ನಿಯಾ 2009ರಲ್ಲಿ ಕೊನೆಯದಾಗಿ ಸೇರ್ಕೊಂಡಿದ್ದು. ಔಷಧಿ ಬರೆಯೋ ಹಕ್ಕು ಕೌನ್ಸೆಲರ್‌ಗೆ ಇಲ್ಲ, ಅದು ಸೈಕಿಯಾಟ್ರಿಸ್ಟ್ ಕೆಲಸ. ಸೈಕಾಲಜಿಸ್ಟ್ ಅಂತ ಕರ್ಕೊಳ್ಳೋಕೆ ಡಾಕ್ಟರೇಟ್ ಬೇಕು, ಆ ಕಡೆ ಹೋಗೋರಿಗೆ ಪ್ಯಾಸಡೀನಾದ ಫುಲ್ಲರ್ ಸೆಮಿನರಿ, ಬಯೋಲಾ ಯೂನಿವರ್ಸಿಟಿಯ ರೋಸ್‌ಮೀಡ್ ಇವೆ, ಅದು ಬೇರೆ ದಾರಿ, ಇನ್ನೂ ಉದ್ದ.

ಹಾಗಾದ್ರೆ "ಕ್ರಿಶ್ಚಿಯನ್" ಅನ್ನೋದು ಎಲ್ಲಿ ಬರುತ್ತೆ?

ಮೂರು ಕಡೆ. ಒಂದು, ಬೈಬಲ್ ಮತ್ತು ಥಿಯಾಲಜಿ ಪೇಪರ್‌ಗಳು, ಸೆಮಿನರಿ ಆದ್ರೆ ಇವು ಜಾಸ್ತಿ ಇರುತ್ತೆ, ಒಟ್ಟು ಕ್ರೆಡಿಟ್ 60 ದಾಟೋದೂ ಉಂಟು. ಎರಡನೇದು ಇಂಟಿಗ್ರೇಷನ್ ಅಂತ ಒಂದು ಪೇಪರು, ನಂಬಿಕೆಗೂ ಮನಶ್ಶಾಸ್ತ್ರಕ್ಕೂ ಏನು ಸಂಬಂಧ ಅನ್ನೋದರ ಮೇಲೆ ಇಡೀ ಸೆಮಿಸ್ಟರ್ ಜಗಳ. ಮೂರನೇದು ಸಿಲಬಸ್‌ನಲ್ಲಿ ಬರೆದಿರಲ್ಲ, ಆದ್ರೆ ನಿಜವಾದ ತರಬೇತಿ ಅದೇ: ನಿಮ್ಮ ನಂಬಿಕೆನ ಕ್ಲೈಂಟ್ ಮುಂದೆ ಯಾವಾಗ ಬಾಯಿಬಿಡಬೇಕು, ಯಾವಾಗ ಮುಚ್ಕೊಂಡಿರಬೇಕು ಅನ್ನೋದು. ಉಳಿದಿದ್ದೆಲ್ಲ ಬೇರೆ ಕಾಲೇಜಲ್ಲಿ ಇರೋದೇ: ಡಯಾಗ್ನೋಸಿಸ್, ಗ್ರೂಪ್ ಕೌನ್ಸೆಲಿಂಗ್, ಮಾನವ ಬೆಳವಣಿಗೆ, ಕರಿಯರ್, ರಿಸರ್ಚ್, ಎಥಿಕ್ಸ್.

ಬಿಬ್ಲಿಕಲ್ ಕೌನ್ಸೆಲಿಂಗ್ ಅಂತಾನೂ ಇದೆಯಲ್ಲ, ಅದೂ ಇದೂ ಒಂದೇನಾ?

ಒಂದೇ ಅಲ್ಲ, ಹೆಸರು ನೋಡಿ ಅಡ್ಮಿಷನ್ ತಗೊಂಡ್ರೆ ದೊಡ್ಡ ತೊಂದರೆ. 1970ರ ಸುಮಾರಿಗೆ ಜೇ ಆಡಮ್ಸ್ ಅನ್ನೋ ಪಾದ್ರಿ, ಜನರ ಆತ್ಮದ ಕಷ್ಟಗಳನ್ನ ಸೈಕಾಲಜಿಸ್ಟ್‌ಗಳ ಕೈಗೆ ಕೊಟ್ಟು ಸಭೆ ತನ್ನ ಕೆಲಸ ಬಿಟ್ಟುಬಿಟ್ಟಿದೆ, ಬೈಬಲ್ ಇಟ್ಕೊಂಡು ನಾವೇ ಸಲಹೆ ಕೊಡಬೇಕು ಅಂತ ಜೋರಾಗಿ ವಾದಿಸಿದ್ರು. ಬಿಬ್ಲಿಕಲ್ ಕೌನ್ಸೆಲಿಂಗ್ ಪರಂಪರೆ ಹುಟ್ಟಿದ್ದು ಅಲ್ಲಿಂದ. ಅವರದ್ದೇ ಸರ್ಟಿಫಿಕೇಟ್‌ಗಳಿವೆ, ಸಭೆಯೊಳಗೆ ಸೇವೆ ಮಾಡೋಕೆ ಅದು ಸಾಕಾಗಬಹುದು, ಆದ್ರೆ ಅದು ಸ್ಟೇಟ್ ಲೈಸೆನ್ಸ್ ಅಲ್ಲ, ಅದನ್ನ ಹಿಡ್ಕೊಂಡು ಕ್ಲಿನಿಕ್‌ನಲ್ಲಿ ಕೆಲಸ ಸಿಗಲ್ಲ, ಇನ್ಶೂರೆನ್ಸ್ ಬಿಲ್ ಮಾಡೋಕಾಗಲ್ಲ. ಒಂದೇ ಸೆಮಿನರಿಲಿ ಎರಡೂ ಪ್ರೋಗ್ರಾಂ ಇರೋದೂ ಉಂಟು, ಹಾಗಾಗಿ ಬ್ರೋಷರ್‌ನಲ್ಲಿ "ಕೌನ್ಸೆಲಿಂಗ್" ಅಂತ ಕಂಡ ತಕ್ಷಣ ಫೀಸ್ ಕಟ್ಟಬೇಡಿ. ಅಡ್ಮಿಷನ್ ಆಫೀಸ್‌ಗೆ ಒಂದೇ ಪ್ರಶ್ನೆ ಇಮೇಲ್ ಮಾಡಿ: ಈ ಡಿಗ್ರಿ ಮುಗಿಸಿದವರು ನಿಮ್ಮ ಸ್ಟೇಟ್‌ನಲ್ಲಿ ಲೈಸೆನ್ಸ್‌ಗೆ ಅರ್ಹರಾ? ಉತ್ತರ ಸುತ್ತಿ ಬಳಸಿ ಬಂದ್ರೆ ಅಲ್ಲಿಗೆ ಬಿಡಿ.

ಕೇಕ್ರೆಪ್ ಅಂದ್ರೇನು, ಯಾಕೆ ಎಲ್ಲರೂ ಅದನ್ನೇ ಹೇಳ್ತಾರೆ?

ಕೌನ್ಸೆಲಿಂಗ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ ಅದು, 1981ರಿಂದ ಇದೆ. ಎಲ್ಲಾ ಸ್ಟೇಟ್‌ನಲ್ಲೂ ಕಡ್ಡಾಯ ಇಲ್ಲ, ಆದ್ರೆ ಇದ್ರೆ ಲೈಸೆನ್ಸ್ ಅರ್ಜಿ ಹಾಕುವಾಗ ಒಂದೊಂದು ಪೇಪರಿನ ಸಿಲಬಸ್ ಹಿಡ್ಕೊಂಡು ಬೋರ್ಡ್ ಜೊತೆ ವಾದ ಮಾಡೋ ಗೋಳು ತಪ್ಪುತ್ತೆ, ಆಮೇಲೆ ಸ್ಟೇಟ್ ಬದಲಾಯಿಸಿದ್ರೂ ಸುಲಭ. ಕ್ರಿಶ್ಚಿಯನ್ ಸಂಸ್ಥೆಗಳಲ್ಲಿ ಡೆನ್ವರ್ ಸೆಮಿನರಿ, ಇಲಿನಾಯ್ಸ್‌ನ ವೀಟನ್ ಕಾಲೇಜ್, ವರ್ಜೀನಿಯಾದ ರೀಜೆಂಟ್ ಮತ್ತು ಲಿಬರ್ಟಿ ಯೂನಿವರ್ಸಿಟಿಗಳಿಗೆ ಈ ಮಾನ್ಯತೆ ಇದೆ. ಮಾನ್ಯತೆ ಕೊಡೋದು ಕಾಲೇಜಿಗಲ್ಲ, ಆಯಾ ಪ್ರೋಗ್ರಾಮಿಗೆ, ಅದೂ ಅವಧಿ ಮುಗಿದಾಗ ನವೀಕರಣ ಆಗಬೇಕು, ಆದ್ದರಿಂದ ಅಪ್ಲೈ ಮಾಡೋ ವರ್ಷ ಕೇಕ್ರೆಪ್‌ನ ಸೈಟಲ್ಲೇ ಹೋಗಿ ನೋಡಿ, ನನ್ನ ಲಿಸ್ಟ್ ನಂಬ್ಕೋಬೇಡಿ.

ಸೆಷನ್‌ನಲ್ಲಿ ಪ್ರಾರ್ಥನೆ ಮಾಡಬಹುದಾ? ಬೈಬಲ್ ವಾಕ್ಯ ಹೇಳಬಹುದಾ?

ಇದನ್ನ ಕೇಳದೇ ಇರೋರೇ ಇಲ್ಲ. ಕ್ಲೈಂಟ್‌ಗೆ ಬೇಕಿದ್ರೆ, ಮೊದಲೇ ಒಪ್ಪಿಗೆ ಕೊಟ್ಟಿದ್ರೆ, ಅದು ಅವರ ಚಿಕಿತ್ಸೆಗೆ ಉಪಯೋಗ ಆಗೋ ಹಾಗಿದ್ರೆ ಮಾಡಬಹುದು. ಎಷ್ಟೋ ಕ್ರಿಶ್ಚಿಯನ್ ಕ್ಲಿನಿಕ್‌ಗಳಲ್ಲಿ ಮೊದಲ ದಿನದ ಫಾರ್ಮ್‌ನಲ್ಲೇ ಕೇಳಿಬಿಡ್ತಾರೆ, ನಿಮ್ಮ ನಂಬಿಕೆ ಬಗ್ಗೆ ಇಲ್ಲಿ ಮಾತಾಡೋದು ಇಷ್ಟನಾ ಅಂತ. ಬೇಡ ಅಂತ ಬರೆದಿದ್ರೆ ಮುಗೀತು, ಆ ವಿಷಯಕ್ಕೆ ಅವರಾಗಿ ಬರೋ ತನಕ ನೀವು ಕೈ ಹಾಕೋ ಹಾಗಿಲ್ಲ.

ಬೇಕು ಅಂದೋರ ಹತ್ರನೂ ಯಾವಾಗ ಅನ್ನೋದು ಮುಖ್ಯ. ಸ್ಕಿಲ್ಸ್ ಕ್ಲಾಸ್‌ನಲ್ಲಿ ಮೂರು ಮೂರು ಜನ ಕೂತು ಒಬ್ಬರು ಕೌನ್ಸೆಲರ್, ಒಬ್ಬರು ಕ್ಲೈಂಟ್, ಒಬ್ಬರು ನೋಡೋರು ಅಂತ ಅಭ್ಯಾಸ ಮಾಡ್ತೀವಿ, ವಿಡಿಯೋ ತೆಗೀತಾರೆ. ಒಂದು ಸಲ ನಾನು ಕ್ಲೈಂಟ್ ಪಾತ್ರ, ಹೊಟ್ಟೆಯಲ್ಲೇ ಮಗು ಕಳ್ಕೊಂಡ ಹೆಂಗಸು. "ಎಲ್ಲರೂ ದೇವರ ಚಿತ್ತ ಅಂತಾರೆ, ಆ ಮಾತು ಕೇಳಿದ್ರೆ ಮೈ ಉರಿಯುತ್ತೆ" ಅಂದೆ. ಎದುರಿಗಿದ್ದ ಹುಡುಗ ಒಳ್ಳೆಯವನು, ಅವನಿಗೆ ತಡೆಯೋಕಾಗ್ಲಿಲ್ಲ, ದೇವರನ್ನ ಪ್ರೀತಿಸೋರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತೆ ಅನ್ನೋ ರೋಮಾಪುರದವರಿಗೆ 8:28 ಹೇಳಿಬಿಟ್ಟ. ಆಮೇಲೆ ಪ್ರೊಫೆಸರ್ ವಿಡಿಯೋ ಹಾಕಿ ಸರಿಯಾಗಿ ಅಲ್ಲಿಗೆ ನಿಲ್ಲಿಸಿದ್ರು. ಅವನು ವಾಕ್ಯ ಶುರು ಮಾಡೋ ಮುಂಚೆ ನಾನು ಮುಂದಕ್ಕೆ ಬಾಗಿ ಕೂತಿದ್ದೀನಿ, ಕೈಯಲ್ಲಿ ಟಿಶ್ಯೂ ಹಿಂಡ್ತಿದ್ದೀನಿ. ವಾಕ್ಯ ಮುಗಿಯೋ ಹೊತ್ತಿಗೆ ಬೆನ್ನು ನೆಟ್ಟಗಾಗಿದೆ, ಟಿಶ್ಯೂ ಮಡಿಸಿ ತೊಡೆ ಮೇಲೆ ಇಟ್ಕೊಂಡು "ಹೌದು ಹೌದು, ನಿಜ" ಅಂತ ತಲೆ ಆಡಿಸ್ತಿದ್ದೀನಿ. ಭಾನುವಾರ ಆರಾಧನೆ ಮುಗಿದ ಮೇಲೆ ಸಭೆಯ ಬಾಗಿಲಲ್ಲಿ ಎಲ್ಲರಿಗೂ ಕೊಡ್ತೀವಲ್ಲ, ಅದೇ ಮುಖ. ಪ್ರೊಫೆಸರ್ ಕೇಳಿದ್ದು ಇಷ್ಟೇ: ಈ ವಾಕ್ಯದಿಂದ ಯಾರ ಸಂಕಟ ಕಮ್ಮಿ ಆಯ್ತು, ಅವಳದ್ದಾ ನಿಂದಾ?

ಅದೇ ಬೈಬಲಲ್ಲಿ 88ನೇ ಕೀರ್ತನೆ ಇದೆ, ಕತ್ತಲಲ್ಲೇ ಮುಗಿಯುತ್ತೆ, ಕೊನೆಗೆ ಒಂದು ಸಾಲು ಸಮಾಧಾನನೂ ಇಲ್ಲ. ಎಲ್ಲಾ ಕಳ್ಕೊಂಡು ಕೂತಿದ್ದ ಯೋಬನ ಗೆಳೆಯರು ಏಳು ದಿನ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತ್ರು, ಬಾಯಿ ತೆಗೆದ ಮೇಲೇ ಎಡವಟ್ಟಾಗಿದ್ದು. ಇಂಟಿಗ್ರೇಷನ್ ಕ್ಲಾಸ್‌ನಲ್ಲಿ ಇವನ್ನ ಓದಿಸೋದು ಕ್ಲೈಂಟ್‌ಗೆ ಹೇಳೋಕಲ್ಲ, ನಮಗೆ ಸುಮ್ನೆ ಕೂರೋ ಧೈರ್ಯ ಬರಲಿ ಅಂತ.

ನಮ್ಮ ನಂಬಿಕೆಗೆ ಹೊಂದದ ಕ್ಲೈಂಟ್ ಬಂದ್ರೆ? ಸಲಿಂಗಿಗಳು, ಮದುವೆ ಇಲ್ಲದೆ ಜೊತೆಗಿರೋರು, ಅಬಾರ್ಷನ್ ಮಾಡಿಸ್ಕೊಂಡೋರು?

ಬಂದೇ ಬರ್ತಾರೆ. ಅಮೆರಿಕನ್ ಕೌನ್ಸೆಲಿಂಗ್ ಅಸೋಸಿಯೇಷನ್ನಿನ 2014ರ ಎಥಿಕ್ಸ್ ಕೋಡ್ ಪ್ರಕಾರ ನಿಮ್ಮ ಮೌಲ್ಯಗಳನ್ನ ಕ್ಲೈಂಟ್ ಮೇಲೆ ಹೇರೋ ಹಾಗಿಲ್ಲ, ನನ್ನ ನಂಬಿಕೆಗೆ ಒಪ್ಪಲ್ಲ ಅನ್ನೋ ಒಂದೇ ಕಾರಣಕ್ಕೆ ಬೇರೆಯವರ ಹತ್ರ ಕಳಿಸೋ ಹಾಗೂ ಇಲ್ಲ. ಇದರ ಹಿಂದೆ ಒಂದು ಕೇಸಿದೆ. 2009ರಲ್ಲಿ ಈಸ್ಟರ್ನ್ ಮಿಶಿಗನ್ ಯೂನಿವರ್ಸಿಟಿಲಿ ಕ್ರಿಶ್ಚಿಯನ್ ವಿದ್ಯಾರ್ಥಿನಿ ಒಬ್ಬರು ಪ್ರಾಕ್ಟಿಕಮ್‌ನಲ್ಲಿ (ಓದುವಾಗಲೇ ನಿಜವಾದ ಕ್ಲೈಂಟ್ ನೋಡೋ ತರಬೇತಿ) ಸಲಿಂಗಿ ಕ್ಲೈಂಟನ್ನ ಬೇರೆಯವರಿಗೆ ಕೊಡಿ ಅಂತ ಕೇಳಿದ್ರು, ಯೂನಿವರ್ಸಿಟಿ ಅವರನ್ನ ಕೋರ್ಸಿಂದ ತೆಗೀತು, ಅವರು ಕೋರ್ಟಿಗೆ ಹೋದ್ರು, 2012ರಲ್ಲಿ ಅಪೀಲು ಕೋರ್ಟ್ ಇದು ವಿಚಾರಣೆ ಆಗಬೇಕಾದ ಕೇಸೇ ಅಂತ ಅವರ ಪರ ಹೇಳ್ತು, ಅದೇ ವರ್ಷ ರಾಜಿ ಆಯ್ತು. ಎರಡು ವರ್ಷಕ್ಕೆ ಹೊಸ ಕೋಡ್ ಬಂತು, ರೆಫರ್ ಮಾಡೋ ನಿಯಮ ಬಿಗಿ ಆಯ್ತು. 2016ರಲ್ಲಿ ಟೆನೆಸಿ ಸ್ಟೇಟ್ ಉಲ್ಟಾ ಹೋಗಿ, ಕೌನ್ಸೆಲರ್ ತನ್ನ ಗಾಢವಾದ ನಂಬಿಕೆಗೆ ವಿರುದ್ಧ ಅಂತ ಕ್ಲೈಂಟನ್ನ ಬೇರೆಯವರಿಗೆ ಕಳಿಸಬಹುದು ಅಂತ ಕಾನೂನು ಮಾಡ್ತು, ಅಸೋಸಿಯೇಷನ್ ಸಿಟ್ಟಾಗಿ ಮುಂದಿನ ವರ್ಷದ ಸಮ್ಮೇಳನನ ನ್ಯಾಶ್‌ವಿಲ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎತ್ಕೊಂಡು ಹೋಯ್ತು. ಹಗ್ಗಜಗ್ಗಾಟ ಇನ್ನೂ ನಿಂತಿಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ, ಕಾನೂನು ಪಕ್ಕಕ್ಕಿಟ್ಟು ನೋಡಿ. ನಿದ್ದೆ ಇಲ್ಲದೆ, ಸಾಯಬೇಕು ಅನ್ನಿಸ್ತಿದೆ ಅಂತ ಬಂದೋರಿಗೆ ಬೇಕಾಗಿರೋದು ನಿಮ್ಮ ಒಪ್ಪಿಗೆ ಅಲ್ಲ, ನಿಮ್ಮ ಕೌಶಲ. ನನಗೆ ಇಂಥೋರ ಜೊತೆ ಒಂದು ರೂಮಲ್ಲಿ ಕೂರೋಕೇ ಆಗಲ್ಲ ಅನ್ನೋರು ದಯವಿಟ್ಟು ಈ ಕೋರ್ಸಿಗೆ ಬರಬೇಡಿ, ಸಭೆಯಲ್ಲಿ ಬೇರೆ ಸೇವೆಗಳು ಬೇಕಾದಷ್ಟಿವೆ. ಪ್ರಾರ್ಥನೆಯಿಂದ ಸಲಿಂಗಿಗಳನ್ನ "ಸರಿ" ಮಾಡೋದು ಕಲಿಸ್ತಾರಾ ಅಂತ ಕೇಳೋರೂ ಇದ್ದಾರೆ. ಇಲ್ಲ. ಇಂಡಿಯಾದಲ್ಲೂ 2022ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಕನ್ವರ್ಷನ್ ಥೆರಪಿಯನ್ನ ಡಾಕ್ಟರ್‌ಗಳ ವೃತ್ತಿ ದುರ್ನಡತೆ ಅಂತ ಸಾರಿದೆ.

ಡಿಪ್ರೆಶನ್ ಅಂದ್ರೆ ನಂಬಿಕೆ ಕಮ್ಮಿ ಅಂತ ಅಲ್ವಾ? ದುರಾತ್ಮ ಇದ್ರೆ?

ಅಂಥ ಮಾತು ಕೇಳ್ಕೊಂಡೇ ಬೆಳೆದೋರು ನಾವು, ಉಪವಾಸ ಪ್ರಾರ್ಥನೆಗೆ ಕರ್ಕೊಂಡು ಹೋಗ್ತಾರೆ, ಮಾತ್ರೆ ನಿಲ್ಲಿಸಿ ಅಂತಾರೆ. ಮಾತ್ರೆ ನಿಲ್ಲಿಸಿ ಅನ್ನೋದು ಅಪಾಯ, ಅಷ್ಟೇ. ಬೈಬಲಲ್ಲಿ ಎಲೀಯ ಅನ್ನೋ ಪ್ರವಾದಿ ಗಿಡದ ಕೆಳಗೆ ಕೂತು ನನ್ನ ಪ್ರಾಣ ತೆಗೆದುಬಿಡು ಅಂದಾಗ ದೇವದೂತ ಅವನಿಗೆ ಉಪದೇಶ ಮಾಡಲಿಲ್ಲ, ರೊಟ್ಟಿ ನೀರು ಕೊಟ್ಟು ಮತ್ತೆ ಮಲಗೋಕೆ ಬಿಟ್ಟ, ಅದೂ ಎರಡು ಸಲ ಎಬ್ಬಿಸಿ ತಿನ್ನಿಸಿದ. ಕೋರ್ಸಲ್ಲಿ ಡಿಎಸ್ಎಂ ಅನ್ನೋ ಡಯಾಗ್ನೋಸಿಸ್ ಕೈಪಿಡಿ ಓದಲೇಬೇಕು, ಈಗ ಇರೋದು 2022ರ ಪರಿಷ್ಕೃತ ಆವೃತ್ತಿ. ಅದರಲ್ಲೇ ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ ಅಂತ ಒಂದು ಬಾಬತ್ತು 1994ರಿಂದ ಇದೆ, ಅದನ್ನ ಕಾಯಿಲೆ ಅಂತ ಎಣಿಸಲ್ಲ, ನಂಬಿಕೆ ಕಳ್ಕೊಳ್ಳೋದು, ಧರ್ಮ ಬದಲಾಯಿಸಿದಾಗಿನ ಒದ್ದಾಟ ಅಂಥದ್ದು. ಕಿವೀಲಿ ಧ್ವನಿ ಕೇಳಿಸುತ್ತೆ ಅನ್ನೋ ಹುಡುಗ ಬಂದ್ರೆ ಮೊದಲು ಸೈಕಿಯಾಟ್ರಿಸ್ಟ್ ಹತ್ರ ಹೋಗಲಿ, ಪಾಸ್ಟರ್ ಜೊತೆಗೇ ಪ್ರಾರ್ಥನೆ ಮಾಡಲಿ, ಯಾರು ಬೇಡ ಅಂದ್ರು.

ಪ್ರಾಕ್ಟಿಕಮ್, ಇಂಟರ್ನ್‌ಶಿಪ್ ಹೇಗಿರುತ್ತೆ?

ಕೇಕ್ರೆಪ್ ಲೆಕ್ಕದಲ್ಲಿ ಪ್ರಾಕ್ಟಿಕಮ್ 100 ಗಂಟೆ, ಅದರಲ್ಲಿ 40 ಗಂಟೆ ನೇರವಾಗಿ ಕ್ಲೈಂಟ್ ಜೊತೆ. ಆಮೇಲೆ ಇಂಟರ್ನ್‌ಶಿಪ್ 600 ಗಂಟೆ, ಅದರಲ್ಲಿ 240 ನೇರ. ವಾರವಾರ ಸೂಪರ್ವೈಸರ್ ಮುಂದೆ ಕೂತು ರೆಕಾರ್ಡಿಂಗ್ ತೋರಿಸಬೇಕು. ಬಹುತೇಕ ಕಡೆ ಸಂಬಳ ಇಲ್ಲ. ಜಾಗ ಹುಡುಕೋದೇ ದೊಡ್ಡ ತಲೆನೋವು, ಕಾರಿಲ್ಲದೆ ಟೆಕ್ಸಾಸ್‌ನಲ್ಲಿ ಇಂಟರ್ನ್‌ಶಿಪ್ ಮಾಡ್ತೀನಿ ಅನ್ನೋದು ಆಗದ ಮಾತು, ಡ್ರೈವಿಂಗ್ ಊರಲ್ಲೇ ಕಲ್ತು ಬನ್ನಿ. ಕ್ರಿಶ್ಚಿಯನ್ ಸೆಂಟರ್ರೇ ಬೇಕು ಅಂತ ಹಟ ಮಾಡಬೇಡಿ, ಕೌಂಟಿ ಕ್ಲಿನಿಕ್, ಡಿಅಡಿಕ್ಷನ್ ಸೆಂಟರ್, ಇಂಥ ಕಡೆ ಒಂದು ಸೆಮಿಸ್ಟರ್ ಮಾಡಿದ್ರೆ ಕೈ ಪಳಗುತ್ತೆ.

ವೀಸಾ? ಓದಿದ ಮೇಲೆ ಇಲ್ಲೇ ಇರಬಹುದಾ?

ದೇವರು ದಾರಿ ತೆರೀತಾನೆ ಅಂತ ನಂಬಿ ಹೊರಡೋದು ಸರಿ, ಆದ್ರೆ ಲೆಕ್ಕ ಹಾಕ್ಕೊಂಡು ಹೊರಡಿ. ಎಫ್-1 ಅನ್ನೋ ಸ್ಟೂಡೆಂಟ್ ವೀಸಾದಲ್ಲಿ ಇಂಟರ್ನ್‌ಶಿಪ್ ಮಾಡೋಕೆ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿಂದ ಮೊದಲೇ ಸಿಪಿಟಿ (ಓದುವಾಗ ಕೆಲಸ ಮಾಡೋ ಅನುಮತಿ) ಮಂಜೂರು ಮಾಡಿಸ್ಕೋಬೇಕು. ಡಿಗ್ರಿ ಮುಗಿದ ಮೇಲೆ ಒಪಿಟಿ, ಅಂದ್ರೆ ಓದಿದ ಮೇಲೆ ಕೆಲಸ ಮಾಡೋ ಅನುಮತಿ, 12 ತಿಂಗಳು. ಐಟಿ ಹುಡುಗರಿಗೆ ಸಿಗೋ ಎರಡು ವರ್ಷದ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ ಕೋರ್ಸ್‌ಗಳ) ವಿಸ್ತರಣೆ ನಮಗಿಲ್ಲ, ಮೆಂಟಲ್ ಹೆಲ್ತ್ ಕೌನ್ಸೆಲಿಂಗ್ ಆ ಪಟ್ಟಿಲಿ ಇಲ್ಲ.

ಈಗ ಟೆಕ್ಸಾಸ್ ನಿಯಮ ನೋಡಿ. ಡಿಗ್ರಿ ಆದ ಮೇಲೆ ಪರೀಕ್ಷೆ ಪಾಸ್ ಮಾಡಿ ಎಲ್‌ಪಿಸಿ ಅಸೋಸಿಯೇಟ್ ಅಂತ ತಾತ್ಕಾಲಿಕ ಲೈಸೆನ್ಸ್ ತಗೋಬೇಕು, ಅದು ಕೈಗೆ ಬರೋ ತನಕ ಕ್ಲೈಂಟ್ ನೋಡೋ ಹಾಗಿಲ್ಲ, ಆದ್ರೆ ಒಪಿಟಿ ದಿನಗಳು ಖರ್ಚಾಗ್ತಾನೇ ಇರ್ತವೆ, ಒಟ್ಟು 90 ದಿನ ಕೆಲಸ ಇಲ್ಲದೆ ಕಳೆದ್ರೆ ಸ್ಟೇಟಸ್‌ಗೇ ಕುತ್ತು. ಪೂರ್ತಿ ಲೈಸೆನ್ಸ್‌ಗೆ ಸೂಪರ್ವೈಸರ್ ಕೈಕೆಳಗೆ 3000 ಗಂಟೆ, ಅದರಲ್ಲಿ 1500 ನೇರ ಕೌನ್ಸೆಲಿಂಗ್, ಎಷ್ಟೇ ಓಡಿದ್ರೂ 18 ತಿಂಗಳಿಗಿಂತ ಮುಂಚೆ ಮುಗಿಸೋ ಹಾಗಿಲ್ಲ ಅಂತ ನಿಯಮನೇ ಇದೆ. ಒಪಿಟಿ 12, ಲೈಸೆನ್ಸ್ 18. ಈ ಎರಡು ನಂಬರ್ ಅಡ್ಮಿಷನ್ ಏಜೆಂಟ್ ಒಬ್ಬನೂ ನಿಮಗೆ ಹೇಳಲ್ಲ.

ಮಧ್ಯದಲ್ಲಿ ಎಚ್-1ಬಿ ಅನ್ನೋ ಕೆಲಸದ ವೀಸಾ ಸಿಗಬೇಕು, ಅದು ಲಾಟರಿ, ಸಣ್ಣಪುಟ್ಟ ಸೆಂಟರ್‌ಗಳಿಗೆ ಸ್ಪಾನ್ಸರ್ ಮಾಡಿ ಅಭ್ಯಾಸನೇ ಇರಲ್ಲ. ಯೂನಿವರ್ಸಿಟಿಗಳು, ಅವುಗಳಿಗೆ ಸೇರಿದ ಆಸ್ಪತ್ರೆಗಳು ಲಾಟರಿಯಿಂದ ಹೊರಗಿವೆ, ಅಲ್ಲಿನ ಸ್ಟೂಡೆಂಟ್ ಕೌನ್ಸೆಲಿಂಗ್ ಸೆಂಟರ್‌ಗಳ ಕಡೆ ಇಂಟರ್ನ್‌ಶಿಪ್ ಟೈಮಿಂದಲೇ ಕಣ್ಣಿಡಿ. ಗಂಡನ ಜೊತೆ ಎಚ್-4ನಲ್ಲಿ ಬಂದಿರೋ ಅಕ್ಕಂದಿರಿಗೆ: ಓದೋಕೆ ಅಡ್ಡಿ ಇಲ್ಲ, ದುಡಿಯೋಕೆ ಇಎಡಿ (ಕೆಲಸದ ಪರವಾನಗಿ) ಬೇಕು, ಸಂಬಳ ಇಲ್ಲದ ಇಂಟರ್ನ್‌ಶಿಪ್ ಆದ್ರೂ ಶುರು ಮಾಡೋ ಮುಂಚೆ ಇಮಿಗ್ರೇಷನ್ ಲಾಯರ್ ಹತ್ರ ಕೇಳಿ.

ಊರಲ್ಲೇ ಕೂತು ಆನ್‌ಲೈನ್ ಮಾಡಬಹುದಾ?

ಲಿಬರ್ಟಿ, ರೀಜೆಂಟ್ ಅಂಥ ಕಡೆ ಆನ್‌ಲೈನ್ ಪ್ರೋಗ್ರಾಂ ಇವೆ, ಆದ್ರೆ ಪೂರ್ತಿ ಆನ್‌ಲೈನ್ ಕೋರ್ಸ್ ಮೇಲೆ ಎಫ್-1 ಸಿಗಲ್ಲ. ನಡುವೆ ಕ್ಯಾಂಪಸ್‌ಗೆ ಬಂದು ಮಾಡಬೇಕಾದ ಕ್ಲಾಸ್‌ಗಳೂ ಇರ್ತವೆ. ಇಂಟರ್ನ್‌ಶಿಪ್ ಹುಬ್ಬಳ್ಳಿಲೋ ಮಂಗಳೂರಲ್ಲೋ ಮಾಡ್ತೀನಿ ಅಂದ್ರೆ ಒಪ್ತಾರಾ, ಸೂಪರ್ವೈಸರ್ ಅರ್ಹತೆ ಏನಿರಬೇಕು ಅನ್ನೋದನ್ನ ಫೀಸ್ ಕಟ್ಟೋ ಮುಂಚೆ ಬರವಣಿಗೆಯಲ್ಲಿ ತಗೊಳ್ಳಿ.

ಖರ್ಚೆಷ್ಟು, ಸಂಬಳ ಎಷ್ಟು?

ಕಾಲೇಜಿನ ಒಂದು ಕ್ರೆಡಿಟ್ ಫೀಸನ್ನ 60ರಿಂದ ಗುಣಿಸಿ. ಕ್ರೆಡಿಟ್‌ಗೆ 600 ಡಾಲರ್ ಅಂದ್ಕೊಂಡ್ರೂ 36,000 ಡಾಲರ್ ಬರೀ ಫೀಸು, ಮನೆ ಬಾಡಿಗೆ, ಊಟ, ಹೆಲ್ತ್ ಇನ್ಶೂರೆನ್ಸ್, ಕಾರು ಬೇರೆ. ಸಂಬಳ ಐಟಿ ತರಹ ಅಲ್ಲ, 2023ರ ಸರ್ಕಾರಿ ಅಂಕಿ ಪ್ರಕಾರ ಈ ಕೆಲಸದ ಮಧ್ಯಮ ವಾರ್ಷಿಕ ಸಂಬಳ ಸುಮಾರು 53,700 ಡಾಲರ್, ಅಸೋಸಿಯೇಟ್ ಇದ್ದಾಗ ಅದಕ್ಕಿಂತ ಕಮ್ಮಿನೇ. ಮನೆ ಅಡವಿಟ್ಟು ಸಾಲ ಮಾಡಿ ಬರೋ ಕೋರ್ಸ್ ಇದಲ್ಲ. ಸೆಮಿನರಿಗಳಲ್ಲಿ ಸ್ಕಾಲರ್‌ಶಿಪ್ ಇರುತ್ತೆ, ನಾಚ್ಕೋಬೇಡಿ, ಕೇಳಿ.

ಕ್ಯಾಥೊಲಿಕ್ಕರು ಸೇರಬಹುದಾ? ಕ್ರೈಸ್ತರಲ್ಲದವರು?

ಕ್ಯಾಥೊಲಿಕ್ಕರಿಗೆ ಬಹಳ ಕಡೆ ತೊಂದರೆ ಇಲ್ಲ. ಕ್ರೈಸ್ತರಲ್ಲದವರಿಗೆ ಅದು ಕಾಲೇಜಿನ ಮೇಲೆ: ಕೆಲವು ಸೆಮಿನರಿಗಳು ವಿಶ್ವಾಸ ಪ್ರಮಾಣಕ್ಕೆ ಸಹಿ ಕೇಳ್ತವೆ, ಪಾಸ್ಟರ್ ಇಲ್ಲ ಫಾದರ್ ಕೊಟ್ಟ ಪತ್ರ ಕೇಳ್ತವೆ, ಮದ್ಯ, ಮದುವೆ ಹೊರಗಿನ ಸಂಬಂಧದ ಬಗ್ಗೆ ನಡತೆ ನಿಯಮ ಇರುತ್ತೆ. ಮನಸ್ಸಲ್ಲಿ ಒಪ್ಪದೆ ಸಹಿ ಹಾಕಬೇಡಿ, ಬೇರೆ ಕಾಲೇಜುಗಳಿಗೇನು ಬರ ಇಲ್ಲ.

ಊರಿಗೆ ವಾಪಸ್ ಬಂದ್ರೆ ಈ ಡಿಗ್ರಿ ನಡೆಯುತ್ತಾ?

ಅಮೆರಿಕಾದ ಲೈಸೆನ್ಸ್ ಅಲ್ಲಿಗೆ ಬರಲ್ಲ. ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ರಿಜಿಸ್ಟ್ರೇಷನ್ ಇಲ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕೋ ಹಾಗಿಲ್ಲ, ಈ ಡಿಗ್ರಿ ಅದಕ್ಕೆ ಸಾಲಲ್ಲ. 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟ್‌ನಲ್ಲಿ ಮಾನಸಿಕ ಆರೋಗ್ಯ ವೃತ್ತಿಪರರು ಅಂತ ಹೇಳೋ ಜಾಗದಲ್ಲಿ ಕೌನ್ಸೆಲರ್ ಅನ್ನೋ ಹೆಸರೇ ಇಲ್ಲ. 2021ರ ಅಲೈಡ್ ಹೆಲ್ತ್‌ಕೇರ್ ಕಾನೂನಿನಲ್ಲಿ ಬಿಹೇವಿಯರಲ್ ಹೆಲ್ತ್ ಅನ್ನೋ ಗುಂಪಲ್ಲಿ ಕೌನ್ಸೆಲರ್‌ಗಳಿಗೂ ಜಾಗ ಕೊಟ್ಟಿದ್ದಾರೆ. ಶಾಲೆ, ಕಾಲೇಜು, ಆಸ್ಪತ್ರೆ, ಕಂಪನಿಗಳಲ್ಲಿ ಕೌನ್ಸೆಲರ್ ಅಂತ ಕೆಲಸ ಮಾಡಬಹುದು, ಮಾಡ್ತಿದ್ದಾರೆ.

ವಾಪಸ್ ಬರೋದೇ ಖಚಿತ ಅಂದ್ರೆ ಇಷ್ಟು ದೂರ ಯಾಕೆ ಬರ್ತೀರಾ ಅಂತ ನಾನು ತಿರುಗಿ ಕೇಳ್ತೀನಿ. ಬೆಂಗಳೂರಿನ ಕ್ರೈಸ್ಟ್ ಯೂನಿವರ್ಸಿಟಿಲಿ ಸೈಕಾಲಜಿ ಎಂಎಸ್ಸಿ ಇದೆ. ಸೇವೆಯ ಕಡೆ ಮನಸ್ಸಿದ್ರೆ ಸೆರಾಂಪುರ ಸೆನೆಟ್‌ನ ಎಂಟಿಎಚ್‌ನಲ್ಲಿ (ಥಿಯಾಲಜಿ ಮಾಸ್ಟರ್ಸ್) ಪಾಸ್ಟರಲ್ ಕೇರ್ ಅಂಡ್ ಕೌನ್ಸೆಲಿಂಗ್ ವಿಭಾಗ ಇದೆ, ವೆಲ್ಲೂರಿನ ಸಿಎಂಸಿ ಆಸ್ಪತ್ರೆಲಿ ರೋಗಿಗಳ ಪಕ್ಕದಲ್ಲೇ ಪಾಸ್ಟರ್‌ಗಳಿಗೆ ತರಬೇತಿ ಕೊಡ್ತಾರೆ. ಕೆಲಸಕ್ಕೇನು ಬರ ಇಲ್ಲ, 2015-16ರಲ್ಲಿ ನಿಮ್ಹಾನ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆಲಿ ವಯಸ್ಕರಲ್ಲಿ 10.6 ಪರ್ಸೆಂಟ್ ಜನಕ್ಕೆ ಆಗ ಯಾವುದಾದರೂ ಮಾನಸಿಕ ತೊಂದರೆ ಇತ್ತು, ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ. ಕನ್ನಡದಲ್ಲಿ ಕೂತು ಕೇಳಿಸ್ಕೊಳ್ಳೋ ತರಬೇತಿ ಪಡೆದೋರು ಬೀದರ್, ರಾಯಚೂರು ಕಡೆ ಎಷ್ಟಿದ್ದಾರೆ ಹೇಳಿ.

ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ (ಅರ್ಜಿ ಜೊತೆ ಕೊಡೋ ಬರಹ) ಏನು ಬರೀಬೇಕು? ನನಗೆ ದೇವರ ಕರೆ ಇದೆ ಅಂತ ಬರೀಬಹುದಾ?

ಬರೀಬಹುದು, ಒಂದು ಪ್ಯಾರಾ ಸಾಕು, ಉಳಿದಿದ್ದು ಸಭೆಯ ಕೂಟದಲ್ಲಿ ದೇವರು ನನಗೇನು ಮಾಡಿದ ಅಂತ ಹೇಳೋ ಸಾಕ್ಷಿ ಆಗಬಾರದು. ನೀವು ಯಾರ ಕಷ್ಟ ಹತ್ತಿರದಿಂದ ನೋಡಿದೀರಾ, ಸಂಡೇ ಸ್ಕೂಲಲ್ಲೋ ಹಾಸ್ಟೆಲಲ್ಲೋ ಎನ್‌ಜಿಓದಲ್ಲೋ ಏನು ಕೆಲಸ ಮಾಡಿದೀರಾ ಅನ್ನೋದು ಬರೀರಿ. ನಿಮ್ಮದೇ ನೋವು ಇದ್ರೆ ಅದಕ್ಕೆ ನೀವು ಸಹಾಯ ತಗೊಂಡಿದ್ದೀರಾ ಅನ್ನೋದನ್ನೂ ನೋಡ್ತಾರೆ, ಎಷ್ಟೋ ಪ್ರೋಗ್ರಾಂಗಳಲ್ಲಿ ವಿದ್ಯಾರ್ಥಿಗಳೇ ಕ್ಲೈಂಟ್ ಆಗಿ ಒಂದಷ್ಟು ಸೆಷನ್ ತಗೋಬೇಕು. ಚಾಟ್‌ಬಾಟ್ ಕೈಲಿ ಬರೆಸಬೇಡಿ, ಎಲ್ಲರದ್ದೂ ಒಂದೇ ತರ ಇರುತ್ತೆ.

ಅಕ್ಕಾ, ನಮ್ಮ ತಂಗಿ ಜೊತೆ ಒಂದು ಸಲ ಫೋನಲ್ಲಿ ಮಾತಾಡ್ತೀರಾ?

ಕೋರ್ಸ್ ಬಗ್ಗೆ ಆದ್ರೆ ಖಂಡಿತ. ಕೌನ್ಸೆಲಿಂಗ್ ಆದ್ರೆ ಆಗಲ್ಲ, ಬೇಜಾರು ಮಾಡ್ಕೋಬೇಡಿ. ನನ್ನ ಲೈಸೆನ್ಸ್ ಟೆಕ್ಸಾಸ್ ಒಳಗೆ ಮಾತ್ರ, ಅದೂ ಅಲ್ದೆ ಪರಿಚಯದವರ ಮನೆಯವರಿಗೆ ನಾನು ಕೌನ್ಸೆಲರ್ ಆಗೋ ಹಾಗಿಲ್ಲ, ನಾಳೆ ಯಾವುದಾದ್ರೂ ಮದುವೆಲಿ ಎದುರು ಸಿಕ್ಕಿದ್ರೆ ಅವಳಿಗೇ ಮುಜುಗರ. ಇಂಡಿಯಾದಲ್ಲಿ ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡ್ತಾರೆ, ರಾತ್ರಿ ಹಗಲು ಇರುತ್ತೆ. ಅಮೆರಿಕಾದಲ್ಲಿ ಇರೋರು 988ಕ್ಕೆ ಫೋನ್ ಇಲ್ಲ ಮೆಸೇಜ್ ಮಾಡಿ. ಸಾಯೋ ಮಾತಾಡ್ತಿದ್ದಾಳೆ ಅಂದ್ರೆ ನನ್ನ ರಿಪ್ಲೈಗೆ ಕಾಯಬೇಡಿ, ಅವಳನ್ನ ಒಂಟಿಯಾಗಿ ಬಿಡದೆ ಈಗಲೇ ಹತ್ತಿರದ ಆಸ್ಪತ್ರೆಗೆ ಕರ್ಕೊಂಡು ಹೋಗಿ.